ಜಾರುವ ಕ್ಲಚ್ಚು: ದೋಷವನ್ನು ಅರಿಯುವ ಬಗೆ

ರೋಗದ ಮೂಲವನ್ನರಿಯದೆ ಕೊಟ್ಟ ಮದ್ದು ಹಣವನ್ನೂ ಕಾಲವನ್ನೂ ಕಳೆಯುವುದಲ್ಲದೆ ಕೆಲವೊಮ್ಮೆ ರೋಗವನ್ನೇ ಬೆಳೆಸುತ್ತದೆ. ಈ ಮಾತು ಯಂತ್ರಗಳಿಗೂ ಸಲ್ಲುತ್ತದೆ. ಇಂದು ಅನೇಕ ಗೃಹಸ್ಥರ ಅಂಗಳದಲ್ಲಿ ಕಾರು ನಿಂತಿದೆ. ಮದುವೆ ಮುಂಜಿಗಳಿಗೆ, ಜಾತ್ರೆ ಉತ್ಸವಗಳಿಗೆ, ಆಸ್ಪತ್ರೆಗೆ ಅದೇ ಆಧಾರ. ಆದರೆ ಅದರ ಒಡಲಿನ ನೋವನ್ನು ಗುರುತಿಸಬಲ್ಲವರು ವಿರಳ. ವ್ಯಾಕರಣ ಮತ್ತು ತರ್ಕಗಳನ್ನು ಓದಿ ಬೆಳೆದ ನಮಗೂ ಯಂತ್ರವಿದ್ಯೆ ದೂರದ್ದೇ ಆಗಿತ್ತು. ಆಗುಂಬೆ ಘಾಟಿಯ ಒಂದು ತಿರುವಿನಲ್ಲಿ ಕಲಿತ ಪಾಠವನ್ನು ಓದುಗರ ಹಿತಕ್ಕಾಗಿ ಇಲ್ಲಿ ನಿವೇದಿಸುತ್ತಿದ್ದೇವೆ.

2017ರ ಫೆಬ್ರುವರಿ ತಿಂಗಳು. ಉಡುಪಿಯ ಕಡೆಗೆ ಕೊಟ್ಟಿದ್ದ ನಮ್ಮ ಅಣ್ಣನ ಮಗಳನ್ನು ಚೊಚ್ಚಲ ಹೆರಿಗೆಗೆ ಶಿವಮೊಗ್ಗದ ತವರಿಗೆ ಕರೆತರಬೇಕಿತ್ತು. ನಮ್ಮ ಹಳೆಯ ಕಾರಿನಲ್ಲಿ ನಾವು, ಅತ್ತಿಗೆಯವರು, ಸಾರಥಿಯಾಗಿ ಅಣ್ಣನ ಮಗ ಹೊರಟೆವು. ಅದಕ್ಕೆ ತಿಂಗಳ ಮೊದಲೇ ಕಾರು ಏರಿನಲ್ಲಿ ಸೋಲುತ್ತಿತ್ತು. ಒಂದು ಗ್ಯಾರೇಜಿನವರು ನೋಡಿ, "ಎಂಜಿನ್ ಸುಸ್ತಾಗಿದೆ, ಬಿಚ್ಚಿ ರಿಪೇರಿ ಮಾಡಬೇಕು" ಎಂದು ದೊಡ್ಡ ಮೊತ್ತ ಹೇಳಿದ್ದರು. ಹೆರಿಗೆಯ ಖರ್ಚು ಮುಂದಿರುವಾಗ ಅಷ್ಟು ಹಣ ಹೊಂದಿಸಲಾರದೆ ಮುಂದೆ ನೋಡೋಣವೆಂದು ಬಿಟ್ಟಿದ್ದೆವು. ಹೋಗುವಾಗ ಘಾಟಿ ಇಳಿಜಾರಾದ್ದರಿಂದ ತೊಂದರೆ ತೋರಲಿಲ್ಲ.

ಮರಳುವಾಗ ಸೋಮೇಶ್ವರ ದಾಟಿ ಏರು ಹಿಡಿದೆವು. ಈ ಘಾಟಿಯಲ್ಲಿ 14 ಕಡಿದಾದ ತಿರುವುಗಳಿವೆ. ನಾಲ್ಕೈದು ತಿರುವು ಕಳೆಯುವಷ್ಟರಲ್ಲಿ ಎಂಜಿನ್ನಿನ ಆರ್ಭಟ ಹೆಚ್ಚಿತು, ಕಾರಿನ ವೇಗ ಕುಗ್ಗಿತು. ಸುಟ್ಟ ಕಾಗದದಂತಹ ಕಟುವಾಸನೆ ಒಳಗೆ ತುಂಬಿತು. "ಚಿಕ್ಕಪ್ಪ, ಎಷ್ಟು ಆಕ್ಸಿಲರೇಟರ್ ಕೊಟ್ರೂ ಗಾಡಿ ಏಳ್ತಾ ಇಲ್ಲ" ಎಂದು ಹುಡುಗ ಬೆವರತೊಡಗಿದ. ಹಿಂದೆ ತುಂಬಿದ ಬಸ್ಸು, ಒಳಗೆ ತುಂಬಿದ ಬಸುರಿ. ಅಗಲವಾದ ಜಾಗ ಸಿಕ್ಕೊಡನೆ ಕಾರನ್ನು ಬದಿಗೆ ನಿಲ್ಲಿಸಿ, ದಯಾಳುಗಳೊಬ್ಬರ ಜೀಪಿನಲ್ಲಿ ಮಗಳನ್ನೂ ಅತ್ತಿಗೆಯವರನ್ನೂ ಮುಂದೆ ಕಳುಹಿಸಿದೆವು. ಒಂದು ಗಂಟೆ ಕಾರು ತಣಿದ ಮೇಲೆ, ಭಾರ ಕಡಿಮೆಯಾದ್ದರಿಂದ, ಮೊದಲನೆಯ ಗೇರಿನಲ್ಲಿ ಹೇಗೋ ತೆವಳುತ್ತ ಮೇಲೆ ಸೇರಿದೆವು.

ತೀರ್ಥಹಳ್ಳಿಯಲ್ಲಿ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಕಾರನ್ನು ಅರ್ಧ ಫರ್ಲಾಂಗು ಓಡಿಸಿ ಬಂದು ಹೇಳಿದ್ದು ಇಷ್ಟೇ: "ಗುರುಗಳೇ, ಎಂಜಿನ್ ಚೆನ್ನಾಗೇ ದುಡೀತಾ ಇದೆ. ದುಡಿದದ್ದು ಚಕ್ರಕ್ಕೆ ಮುಟ್ತಾ ಇಲ್ಲ." ಕ್ಲಚ್ಚಿನ ದೋಷದ ಲಕ್ಷಣವನ್ನು ಇದಕ್ಕಿಂತ ಚೆನ್ನಾಗಿ ಹೇಳಲಾಗದು.

ಕ್ಲಚ್ಚಿನ ಸ್ವರೂಪ

ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಇರುವ ಬೆಸುಗೆಯೇ ಕ್ಲಚ್ಚು. ಎಂಜಿನ್ನಿನೊಡನೆ ತಿರುಗುವ ಫ್ಲೈವೀಲ್ ಒಂದು ಕಡೆ, ಬಲವಾದ ಸ್ಪ್ರಿಂಗಿನ ಪ್ರೆಶರ್ ಪ್ಲೇಟ್ ಇನ್ನೊಂದು ಕಡೆ. ಇವೆರಡರ ನಡುವೆ ಘರ್ಷಣೆಯ ಪದರ ಅಂಟಿಸಿದ ಕ್ಲಚ್ ಪ್ಲೇಟ್ ಸಿಕ್ಕಿಕೊಂಡಿರುತ್ತದೆ. ಪೆಡಲ್ ಒತ್ತಿದಾಗ ಹಿಡಿತ ಸಡಿಲಿ ಎಂಜಿನ್ ಬೇರೆಯಾಗುತ್ತದೆ. ಬಿಟ್ಟಾಗ ಸ್ಪ್ರಿಂಗ್ ಬಿಗಿಹಿಡಿದು ಮೂರೂ ಒಂದಾಗಿ ತಿರುಗುತ್ತವೆ. ಪೆಡಲ್ ಪೂರ್ತಿ ಬಿಟ್ಟಿದ್ದರೂ ಆ ಹಿಡಿತ ಸಾಲದೆ ಪ್ಲೇಟು ಜಾರಿದರೆ ಅದೇ 'ಕ್ಲಚ್ ಸ್ಲಿಪ್'. ಜಾರಿದಾಗ ಶಕ್ತಿಯು ಶಾಖವಾಗಿ ವ್ಯರ್ಥವಾಗುತ್ತದೆ. ಶಾಖದಿಂದ ಪದರ ಸುಡುತ್ತದೆ. ಸುಟ್ಟಷ್ಟೂ ಇನ್ನಷ್ಟು ಜಾರುತ್ತದೆ.

ಲಕ್ಷಣ ಮತ್ತು ಪರೀಕ್ಷೆ

ತರ್ಕಶಾಸ್ತ್ರದಲ್ಲಿ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವಂತೆ, ಇಲ್ಲಿ ನಂಬಬೇಕಾದ ಪ್ರಧಾನ ಲಿಂಗವೊಂದಿದೆ: ಎಂಜಿನ್ನಿನ ವೇಗ ಏರಬೇಕು, ಕಾರಿನ ವೇಗ ಅದರೊಡನೆ ಏರಬಾರದು. ಎಂಜಿನ್ನಿನ ಸುತ್ತುಗಳನ್ನು ತೋರಿಸುವ ಮಾಪಕ ಹಳೆಯ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಕಿವಿಯೇ ಮಾಪಕ. ಜಾರುವಿಕೆ ಮೊದಲು ತೋರುವುದು ಮೇಲಿನ ಗೇರುಗಳಲ್ಲಿ, ಭಾರ ಹೊತ್ತಾಗ, ಏರು ಹತ್ತುವಾಗ.

ಮೊದಲನೆಯ ಪರೀಕ್ಷೆ ರಸ್ತೆಯದು. ವಾಹನಗಳಿಲ್ಲದ ನೇರವಾದ, ಸ್ವಲ್ಪ ಏರಿರುವ ದಾರಿಯಲ್ಲಿ ನಾಲ್ಕನೆಯ ಗೇರಿನಲ್ಲಿ ಸುಮಾರು 50 ಕಿಲೋಮೀಟರ್ ವೇಗದಲ್ಲಿರುವಾಗ ಆಕ್ಸಿಲರೇಟರನ್ನು ಪೂರ್ತಿ ಒತ್ತಬೇಕು. ಕ್ಲಚ್ಚು ಸರಿಯಿದ್ದರೆ ಎಂಜಿನ್ನಿನ ಧ್ವನಿ ಕಾರಿನ ವೇಗದೊಡನೆ ನಿಧಾನವಾಗಿ ಏರುತ್ತದೆ. ಧ್ವನಿ ಮಾತ್ರ ಥಟ್ಟನೆ ಮೇಲಕ್ಕೆ ಹಾರಿ ಕಾರು ಹಿಂದುಳಿದರೆ ಅದು ಜಾರುತ್ತಿದೆ.

ಎರಡನೆಯದು ನಿಂತಲ್ಲಿ ಮಾಡುವುದು. ಸಮತಟ್ಟಾದ ಬಯಲಿನಲ್ಲಿ, ಮುಂದೆ ಹಿಂದೆ ಯಾರೂ ಇಲ್ಲದಂತೆ ನೋಡಿಕೊಂಡು, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಗಳಿಗೆ ಕಲ್ಲು ಕೊಟ್ಟು, ಮೇಲಿನ ಗೇರು ಹಾಕಿ, ಎಂಜಿನ್ನಿಗೆ ಸ್ವಲ್ಪ ವೇಗ ಕೊಟ್ಟು ಕ್ಲಚ್ಚನ್ನು ಬಿಡಬೇಕು. ಎಂಜಿನ್ ತಕ್ಷಣ ಆಫ್ ಆಗಬೇಕು. ಆಗದೆ ಓಡುತ್ತಲೇ ಇದ್ದರೆ ಹಿಡಿತ ಹೋಗಿದೆ. ಇದನ್ನು ಪದೇ ಪದೇ ಮಾಡಬಾರದು. ಪರೀಕ್ಷೆಯೇ ಪ್ಲೇಟನ್ನು ಸುಡುತ್ತದೆ. ಎಂಜಿನ್ ಆಫ್ ಆಯಿತೆಂದ ಮಾತ್ರಕ್ಕೆ ಕ್ಲಚ್ಚು ನಿರ್ದೋಷಿಯೆಂದೂ ತಿಳಿಯಬಾರದು. ಅಲ್ಪ ಜಾರುವಿಕೆ ರಸ್ತೆಯ ಭಾರದಲ್ಲಿ ಮಾತ್ರ ಬಯಲಾಗುತ್ತದೆ.

ಮೋಸಗೊಳಿಸುವ ಕುರುಹುಗಳು

ಹೇತುವಿನಂತೆ ತೋರಿ ಹೇತುವಲ್ಲದವೂ ಇವೆ. ಏರಿನಲ್ಲಿ ಕಾರು ಸೋಲುವಾಗ ಎಂಜಿನ್ನಿನ ಧ್ವನಿಯೂ ಸೋತರೆ ಕ್ಲಚ್ಚನ್ನು ದೂರಬೇಡಿ; ಏರ್ ಫಿಲ್ಟರ್, ಇಂಧನದ ಫಿಲ್ಟರ್ ಮೊದಲಾದುವನ್ನು ನೋಡಿಸಿ. ಗೇರು ತೆಗೆದರೆ ಕಾರು ಸರಾಗವಾಗಿ ಉರುಳದೆ, ಒಂದು ಚಕ್ರ ವಿಪರೀತ ಬಿಸಿಯಾಗಿದ್ದರೆ ಬ್ರೇಕು ಹಿಡಿದುಕೊಂಡಿದೆ. ಗೇರು ಹಾಕುವಾಗ ಕರಕರ ಸದ್ದಾದರೆ ಅದು ಬಹುಮಟ್ಟಿಗೆ ಜಾರುವಿಕೆಗೆ ವಿರುದ್ಧವಾದ ದೋಷ, ಅಂದರೆ ಪೆಡಲ್ ಒತ್ತಿದರೂ ಕ್ಲಚ್ಚು ಪೂರ್ತಿ ಬಿಡುತ್ತಿಲ್ಲ. ಪೆಡಲ್ ಒತ್ತಿದಾಗ ಮಾತ್ರ ಕಿರುಗುಟ್ಟಿದರೆ ರಿಲೀಸ್ ಬೇರಿಂಗ್ ಮೇಲೆ ಸಂಶಯ. ಸುಟ್ಟ ವಾಸನೆ ಇಳಿಜಾರಿನಲ್ಲಿ ಬ್ರೇಕಿನಿಂದಲೂ ಬರಬಹುದು. ನಮಗೆ ಎಂಜಿನ್ ಬಿಚ್ಚಲು ಹೇಳಿದ ಗ್ಯಾರೇಜಿನವರು ಕಾರನ್ನು ಏರಿನಲ್ಲಿ ಓಡಿಸಿಯೇ ನೋಡಿರಲಿಲ್ಲ.

ಕಾರಣ ಮತ್ತು ಪರಿಹಾರ

ಜಾರುತ್ತಿದೆಯೆಂದು ನಿಶ್ಚಯವಾದೊಡನೆ ಗೇರ್ ಬಾಕ್ಸ್ ಇಳಿಸಬೇಕಿಲ್ಲ. ಕೇಬಲ್ಲಿನ ಕ್ಲಚ್ಚಾದರೆ ಮೊದಲು ಪೆಡಲನ್ನು ಕೈಯಿಂದ ಒತ್ತಿ ನೋಡಿ. ಆರಂಭದಲ್ಲಿ ಒಂದೆರಡು ಸೆಂಟಿಮೀಟರಿನಷ್ಟು ಸಡಿಲ ಚಲನೆ ಇರಬೇಕು. ನಿಖರ ಅಳತೆ ಕಾರಿನ ಕೈಪಿಡಿಯಲ್ಲಿರುತ್ತದೆ. ಪ್ಲೇಟು ಸವೆದಂತೆ ಈ ಸಡಿಲ ತಾನಾಗಿ ಕಡಿಮೆಯಾಗುತ್ತದೆ. ಅದು ಪೂರ್ತಿ ಇಲ್ಲವಾದರೆ ಯಾರೂ ಪೆಡಲ್ ಮುಟ್ಟದಿದ್ದರೂ ಕ್ಲಚ್ಚು ಸದಾ ಅಷ್ಟಿಷ್ಟು ಒತ್ತಿದಂತೆಯೇ ಇರುತ್ತದೆ. ಪ್ಲೇಟಿನಲ್ಲಿ ಪದರ ಉಳಿದಿದ್ದರೆ ಕೇಬಲ್ಲಿನ ನಟ್ಟನ್ನು ಸರಿಪಡಿಸುವ ಸಣ್ಣ ಕೆಲಸದಲ್ಲೇ ದೋಷ ನಿವಾರಣೆಯಾಗುವುದುಂಟು. ಹೈಡ್ರಾಲಿಕ್ ಕ್ಲಚ್ಚುಗಳು ಸಾಮಾನ್ಯವಾಗಿ ಸವೆತಕ್ಕೆ ತಾವೇ ಹೊಂದಿಕೊಳ್ಳುವುದರಿಂದ ಅಲ್ಲಿ ಈ ಉಪಾಯವಿಲ್ಲ.

ಪದರವೇ ಸವೆದಿದ್ದರೆ ಪ್ಲೇಟು, ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಿಸುವುದು ಜಾಣತನ. ಗೇರ್ ಬಾಕ್ಸ್ ಇಳಿಸುವ ಕೂಲಿಯೇ ದೊಡ್ಡದು. ಒಂದಕ್ಕಾಗಿ ಎರಡು ಸಲ ಇಳಿಸುವುದು ನಷ್ಟ. ಹಳೆಯ ಪ್ಲೇಟು ಎಣ್ಣೆಯಲ್ಲಿ ನೆನೆದಿದ್ದರೆ ಎಂಜಿನ್ನಿನ ಅಥವಾ ಗೇರ್ ಬಾಕ್ಸಿನ ಆಯಿಲ್ ಸೀಲ್ ಸೋರುತ್ತಿದೆಯೆಂದು ತಿಳಿಯಬೇಕು. ಸೀಲ್ ಬದಲಿಸದೆ ಹಾಕಿದ ಹೊಸ ಪ್ಲೇಟೂ ಜಾರುತ್ತದೆ. ಫ್ಲೈವೀಲಿನ ಮುಖದಲ್ಲಿ ಬಿರುಕು, ಸುಟ್ಟ ಕಲೆಗಳಿವೆಯೇ ಎಂದು ನೋಡಿಸುವುದನ್ನೂ ಮರೆಯಬಾರದು. ಬಿಚ್ಚಿದ ಹಳೆಯ ಭಾಗಗಳನ್ನು ಕೇಳಿ ಕಣ್ಣಾರೆ ನೋಡುವುದು ಮಾಲೀಕನ ಹಕ್ಕು.

ತೀರ್ಥಹಳ್ಳಿಯ ಹಿರಿಯರು ನಮ್ಮ ಪೆಡಲ್ ಒತ್ತಿ ನೋಡಿದರು. ಸಡಿಲ ಲವಲೇಶವೂ ಇರಲಿಲ್ಲ. ನಟ್ಟನ್ನು ಸಡಿಲಿಸಿ, "ಊರು ಮುಟ್ಟುತ್ತೆ, ಆಮೇಲೆ ಓಡಿಸಬೇಡಿ" ಎಂದರು. ಹಾಗೆಯೇ ಆಯಿತು. ಶಿವಮೊಗ್ಗದಲ್ಲಿ ಬಿಚ್ಚಿದಾಗ ಪ್ಲೇಟು ರಿವೆಟ್ಟಿನವರೆಗೆ ಸವೆದಿತ್ತು. ಎಂಜಿನ್ ರಿಪೇರಿಗೆ ಕೇಳಿದ್ದ ಹಣದ ಒಂದಂಶದಲ್ಲಿ ಕೆಲಸ ಮುಗಿಯಿತು.

ಸವೆಸಿದವರು ಯಾರು? ಐವತ್ತು ದಾಟಿದ ಮೇಲೆ ಚಾಲನೆ ಕಲಿತ ನಮಗೆ ಎಡಗಾಲನ್ನು ಸದಾ ಪೆಡಲಿನ ಮೇಲೆ ಇರಿಸಿಕೊಳ್ಳುವ ಅಭ್ಯಾಸವಿತ್ತು. ಏರಿನಲ್ಲಿ ಬ್ರೇಕಿಗೆ ಬದಲು ಹಾಫ್ ಕ್ಲಚ್ಚಿನಲ್ಲಿ ಕಾರನ್ನು ನಿಲ್ಲಿಸುತ್ತಿದ್ದೆವು. ದೋಷವನ್ನು ಯಂತ್ರದಲ್ಲಿ ಹುಡುಕುತ್ತಿದ್ದ ನಾವು ನಮ್ಮ ಪಾದದ ಕಡೆಗೆ ನೋಡಿರಲಿಲ್ಲ. ಅಣ್ಣನ ಮಗ ಹಿರಿಯರೆಂಬ ಗೌರವದಿಂದ ಏನೂ ಅನ್ನಲಿಲ್ಲ. ಮೆಕ್ಯಾನಿಕರು ಮಾತ್ರ ಸವೆದ ಪ್ಲೇಟನ್ನು ನಮ್ಮ ಕೈಗಿತ್ತು ಮೆಲ್ಲನೆ ನಕ್ಕರು.

ಮಗಳ ಹೆರಿಗೆ ಸುಸೂತ್ರವಾಯಿತು. ಆದರೆ ಘಾಟಿಯ ಬದಿಯಲ್ಲಿ ಅವಳು ಹೊಟ್ಟೆ ಹಿಡಿದು ಕಲ್ಲಿನ ಮೇಲೆ ಕುಳಿತಿದ್ದ ಆ ಹೊತ್ತನ್ನು ನಾವು ಮರೆತಿಲ್ಲ. ಬಸುರಿ ಬಾಣಂತಿಯರನ್ನೂ ವೃದ್ಧರನ್ನೂ ಕೂರಿಸಿಕೊಂಡು ಘಾಟಿ ಹತ್ತುವ ಮೊದಲು ಗೃಹಸ್ಥರು ಒಮ್ಮೆ ಊರ ಹೊರಗಿನ ಏರಿನಲ್ಲಿ ಕಾರಿನ ಧ್ವನಿಗೆ ಕಿವಿಗೊಡಲಿ. ಹಾಗೆಯೇ ಒಮ್ಮೆ ತಮ್ಮ ಎಡಗಾಲು ಎಲ್ಲಿದೆಯೆಂದೂ ನೋಡಿಕೊಳ್ಳಲಿ.