ಲೈನ್: ಅಗಸೆ ನಾರಿನಿಂದ ಆನ್‌ಲೈನ್‌ವರೆಗೆ

ಮಹಾರಾಷ್ಟ್ರದ ಗಡಿಯಲ್ಲಿರುವ ಉಮರಗಾ, ನಿಲಂಗಾ, ಉದಗೀರ ಭಾಗದ ಕನ್ನಡದಲ್ಲಿ ಇಂಗ್ಲಿಷ್ ಪದಗಳಿಗೇನೂ ಬರವಿಲ್ಲ. ಅವುಗಳಲ್ಲಿ ಅತಿ ಹೆಚ್ಚು ದುಡಿಯುವ ಪದಗಳನ್ನು ಆರಿಸಿದರೆ ‘ಲೈನ್’ ಮುಂಚೂಣಿಯಲ್ಲೇ ಇರುತ್ತದೆ. ರೇಷನ್ ದುಕಾನಿನ ಮುಂದೆ ಅದು ಜನರ ಸಾಲು. ಹೊಲದ ಮೇಲೆ ಹಾದದ್ದು ವಿದ್ಯುತ್ ತಂತಿ, ಬಾವಿಯಿಂದ ಹೊಲಕ್ಕೆ ಬಂದದ್ದು ನೀರಿನ ಕೊಳವೆ. ಉದಗೀರದಲ್ಲಿ ಅದು ರೈಲು ಹಳಿಯೂ ಹೌದು. ನಿಲಂಗಾಕ್ಕೂ ಉಮರಗಾಕ್ಕೂ ರೈಲಿಲ್ಲದ್ದರಿಂದ ಅಲ್ಲಿ ಆ ಅರ್ಥ ದೂರದ್ದು.

ಪದದ ಮೂಲ ಮಾತ್ರ ಈ ನೆಲಕ್ಕೆ ಅಪರಿಚಿತವಲ್ಲ. ಲ್ಯಾಟಿನ್‌ನಲ್ಲಿ ‘ಲೀನುಮ್’ ಎಂದರೆ ಅಗಸೆ. ಅದರ ನಾರಿನಿಂದ ಹೊಸೆದ ದಾರ ‘ಲೀನೆಯಾ’. ಹಳೆಯ ಇಂಗ್ಲಿಷಿನಲ್ಲಿ ಹಗ್ಗಕ್ಕಿದ್ದ ಹೆಸರೂ ಫ್ರೆಂಚಿನಿಂದ ಬಂದ ‘ಲಿನ್ಯ’ ಎಂಬ ಪದವೂ ಬೆರೆತು ಇಂದಿನ ‘ಲೈನ್’ ಆಯಿತು. ಲಿನನ್ ಬಟ್ಟೆ, ಲಿನ್‌ಸೀಡ್ ಎಣ್ಣೆ, ಟೇಲರ್ ಹೇಳುವ ‘ಲೈನಿಂಗ್’ ಎಲ್ಲವೂ ಅದೇ ಬಳ್ಳಿಯ ಕಾಯಿಗಳು. ಬಟ್ಟೆಯ ಒಳಗೆ ಲಿನನ್ ಕೊಟ್ಟು ಹೊಲಿಯುತ್ತಿದ್ದುದರಿಂದ ಲೈನಿಂಗ್. ಗಡಿಯ ಹಳೆಯ ದರ್ಜಿಗಳಿಗೆ ಅದು ‘ಅಸ್ತರ’. ಮರಾಠವಾಡದ ಹಿಂಗಾರಿನಲ್ಲಿ ಬೆಳೆಯುವ ಅಗಸಿ, ಮರಾಠಿಯ ಜವಸ, ಇದೇ ಗಿಡ. ಯುರೋಪಿನವರು ಅದರ ನಾರು ನೂತರು, ಇಲ್ಲಿಯವರು ಬೀಜ ಹುರಿದು ಹಿಂಡಿ ಕುಟ್ಟಿ ರೊಟ್ಟಿಗೆ ಹಚ್ಚಿಕೊಂಡರು.

ದಾರವನ್ನು ಬಿಗಿಯಾಗಿ ಎಳೆದರೆ ನೇರ ಗೆರೆ ಸಿಗುತ್ತದೆ. ಪದದ ಎರಡನೆಯ ಅರ್ಥ ಹುಟ್ಟಿದ್ದು ಹೀಗೆ. ಗೌಂಡಿ ಇಟ್ಟಿಗೆ ಕೂಡಿಸುವಾಗ ಎರಡು ತುದಿಗೆ ಕಟ್ಟುವ ‘ಲೈನ್ ದೋರಿ’ಯಲ್ಲಿ ಹಳೆಯ ಅರ್ಥವೂ ಹೊಸ ಅರ್ಥವೂ ಒಟ್ಟಿಗಿವೆ. ಗೆರೆಯ ಮೇಲೆ ವಸ್ತುಗಳನ್ನಿಟ್ಟರೆ ಸಾಲು. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದ ನಂತರ ಔಸಾ, ಉಮರಗಾ ಭಾಗದಲ್ಲಿ ಎದ್ದ ಪುನರ್ವಸತಿ ಊರುಗಳು ಈ ಅರ್ಥಕ್ಕೆ ಸಾಕ್ಷಿ: ಹಳೆಯ ಊರಿನ ಸುತ್ತುಬಳಸಿನ ಓಣಿಗಳ ಜಾಗದಲ್ಲಿ ನೇರ ರಸ್ತೆ, ನೇರ ಸಾಲಿನ ಮನೆ. ಸಾಲು ಮನೆಗಳಿಗೆ ‘ಲೈನ್’ ಎಂದು ಹೆಸರಾದದ್ದು ಬ್ರಿಟಿಷರ ದಂಡುಗಳಿಂದ. ಸಿಪಾಯಿಗಳ ಬಿಡಾರಗಳ ಸಾಲು ‘ಲೈನ್ಸ್’. ಇಂದಿನ ಪೊಲೀಸ್ ಲೈನ್, ಸಿವಿಲ್ ಲೈನ್ ಅದರ ಮುಂದುವರಿಕೆ. ಕೊಡಗಿನ ಕಾಫಿ ತೋಟದ ‘ಲೈನ್‌ಮನೆ’ಯಲ್ಲಿರುವುದೂ ಇದೇ ಪದ.

ಜನ ಸಾಲಾಗಿ ನಿಲ್ಲುವುದಕ್ಕೆ ಉತ್ತರದ ಕನ್ನಡದಲ್ಲಿ ‘ಪಾಳಿ’ ಎಂಬ ಒಳ್ಳೆಯ ಮಾತಿದೆ. ಮರಾಠಿಯಲ್ಲಿ ಅದೇ ‘ಪಾಳಿ’ಗೆ ಸರದಿ ಎಂಬ ಅರ್ಥ, ಸಾಲಿಗೆ ಅವರದು ‘ರಾಂಗ್’, ಬರಹದ ಸಾಲಿಗೆ ‘ಓಳ’. ಹಳಗನ್ನಡದಲ್ಲಿ ಸಾಲಿಗೆ ‘ಓಳಿ’ ಎಂಬ ಪದವಿತ್ತು ಎಂಬುದನ್ನು ಇಲ್ಲಿ ನೆನೆಯಬಹುದು. ಇಷ್ಟೆಲ್ಲ ಇದ್ದೂ ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಎರಡೂ ಭಾಷೆಯವರಿಗೆ ಬಾಯಿಗೆ ಬರುವುದು ಲೈನೇ. ಎದುರಿಗಿರುವವರ ಮನೆಮಾತು ಯಾವುದೆಂದು ಯೋಚಿಸಬೇಕಾಗಿಲ್ಲ ಎಂಬುದು ಅದಕ್ಕೊಂದು ಕಾರಣವಿರಬೇಕು.

2016ರ ಬೇಸಿಗೆಯಲ್ಲಿ ಈ ಪದದ ಮೂರು ಅರ್ಥಗಳು ಲಾತೂರಿನಲ್ಲಿ ಒಂದೇ ಸುದ್ದಿಯೊಳಗೆ ಸೇರಿದವು. ಮಾಂಜರಾ ಜಲಾಶಯ ಬತ್ತಿತ್ತು. ಟ್ಯಾಂಕರ್ ಮುಂದಿನ ಲೈನಿನಲ್ಲಿ ಜಗಳವಾದೀತೆಂದು ನೀರು ತುಂಬುವ ಜಾಗಗಳ ಬಳಿ ಜನ ಗುಂಪುಗೂಡದಂತೆ ಜಿಲ್ಲಾಡಳಿತ 144ನೇ ಕಲಂ ಜಾರಿ ಮಾಡಿತು. ಏಪ್ರಿಲ್ 12ರಂದು ಮಿರಜಿನಿಂದ ಮೊದಲ ನೀರಿನ ರೈಲು ಬಂತು. ಹತ್ತು ವ್ಯಾಗನ್, ಸುಮಾರು 5 ಲಕ್ಷ ಲೀಟರ್. ಮಿರಜಿನಲ್ಲಿ ಅದಕ್ಕೆ ನೀರು ತುಂಬಿದ್ದು ಪೈಪ್‌ಲೈನಿನಿಂದ. ಅದು ಓಡಿದ್ದು ಒಂದು ಕಾಲದ ಬಾರ್ಸಿ ಲೈಟ್ ರೈಲ್ವೆಯ ದಾರಿಯಲ್ಲಿ. 1897ರಲ್ಲಿ ಕುರ್ಡುವಾಡಿ–ಬಾರ್ಸಿ ನಡುವೆ ಶುರುವಾಗಿ 1911ರಲ್ಲಿ ಲಾತೂರು ಮುಟ್ಟಿದ ಆ ಹಳಿಗಳ ನಡುವಣ ಅಗಲ ಬರೀ 762 ಮಿಲಿಮೀಟರ್ ಇತ್ತು. ನಂತರ ಅದು ಬ್ರಾಡ್‌ಗೇಜ್ ಆಗಿರದಿದ್ದರೆ ಅಷ್ಟು ದೊಡ್ಡ ವ್ಯಾಗನ್‌ಗಳು ಬರುವ ಮಾತೇ ಇರಲಿಲ್ಲ.

ವಿದ್ಯುತ್ತಿನ ಲೈನ್ ರೈತನಿಗೆ ಎಲ್ಲಕ್ಕಿಂತ ಹತ್ತಿರದ್ದು. ಅದನ್ನು ನೋಡಿಕೊಳ್ಳುವವನು ಲೈನ್‌ಮನ್. ಕರ್ನಾಟಕದ ವಿದ್ಯುತ್ ಕಂಪನಿಗಳು ನೇಮಕಾತಿಯಲ್ಲಿ ‘ಪವರ್‌ಮ್ಯಾನ್’ ಎಂದು ಬರೆದರೂ ಹಳ್ಳಿಯಲ್ಲಿ ಅವನ ಹೆಸರು ಬದಲಾಗಿಲ್ಲ. ರಸ್ತೆಗೂ ಇದೇ ಪದ ಸಲ್ಲುತ್ತದೆ. ಉಮರಗಾ ಪುಣೆ–ಹೈದರಾಬಾದ್ ಹೆದ್ದಾರಿಯ ಮೇಲಿದೆ. ಲಾರಿಯವರ ಮಾತಿನಲ್ಲಿ ‘ಹೈದರಾಬಾದ್ ಲೈನ್’ ಎಂದರೆ ಅತ್ತ ಹೋಗುವ ಮಾರ್ಗ. ಮಾರ್ಗದಿಂದ ಉದ್ಯೋಗಕ್ಕೆ ಒಂದೇ ಹೆಜ್ಜೆ: ‘ಯಾವ ಲೈನ್‌ದಾಗ ಇದ್ದೀ?’ ಎಂದು ಕೇಳಿದರೆ ಏನು ಕೆಲಸ ಮಾಡುತ್ತೀ ಎಂದರ್ಥ.

ನಕ್ಷೆಯ ಮೇಲಿನ ಗೆರೆಯೂ ಲೈನೇ. ಉದಗೀರ, ನಿಲಂಗಾ 1956ರವರೆಗೆ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. ಉಮರಗಾ ಆಗಿನ ಉಸ್ಮಾನಾಬಾದ್ ಜಿಲ್ಲೆಯದು. ಆ ವರ್ಷದ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ, ಭಾಲ್ಕಿ, ಔರಾದ, ಹುಮನಾಬಾದ್ ಮೈಸೂರು ರಾಜ್ಯಕ್ಕೆ ಬಂದವು. ಉದಗೀರ, ನಿಲಂಗಾ, ಅಹ್ಮದಪುರ ಮುಂಬೈ ರಾಜ್ಯಕ್ಕೆ ಹೋಗಿ 1960ರಲ್ಲಿ ಮಹಾರಾಷ್ಟ್ರದ ಪಾಲಾದವು. ಈ ಅರ್ಥದಲ್ಲಿ ಮಾತ್ರ ಜನ ಲೈನ್ ಎನ್ನುವುದು ಕಡಿಮೆ; ಅದು ‘ಗಡಿ’ಯಾಗಿ, ‘ಸೀಮಾ’ ಆಗಿ ಉಳಿದಿದೆ.

ಟೆಲಿಫೋನ್ ಬಂದಾಗ ತಂತಿಯ ಲೈನ್ ಸಂಪರ್ಕದ ಲೈನ್ ಆಯಿತು. ತಂತಿಯೇ ಇಲ್ಲದ ಮೊಬೈಲಿನಲ್ಲೂ ‘ಲೈನ್ ಸಿಗವಲ್ದು’ ಎನ್ನುತ್ತಾರೆ. ಕೊನೆಗೆ ‘ಆನ್‌ಲೈನ್’ ಬಂತು: ನಿಲಂಗಾದ ರೈತ ಸಾತಬಾರಾ ಉತಾರೆಯನ್ನೂ ಭಾಲ್ಕಿಯ ರೈತ ಪಹಣಿಯನ್ನೂ ಆನ್‌ಲೈನ್ ತೆಗೆಸುತ್ತಾರೆ. ಬೆಳೆವಿಮೆಯ ಅರ್ಜಿಗಿರುವ ‘ಡೆಡ್‌ಲೈನ್’ ಇವುಗಳ ನಡುವೆ ಅತಿ ಕರಾಳ ಚರಿತ್ರೆಯ ಪದ. ಅಮೆರಿಕದ ಅಂತರ್ಯುದ್ಧದಲ್ಲಿ, 1864ರ ಹೊತ್ತಿಗೆ, ಜಾರ್ಜಿಯಾದ ಆಂಡರ್ಸನ್‌ವಿಲ್ ಸೆರೆಶಿಬಿರದಲ್ಲಿ ಕೈದಿ ದಾಟಿದರೆ ಗುಂಡು ಹೊಡೆಯುತ್ತಿದ್ದ ಗೆರೆ ಅದು.

ಇಷ್ಟು ಅರ್ಥಗಳು ಒಂದಕ್ಕೊಂದು ತೊಡಕಾಗದೆ ಇರುವುದು ಹೇಗೆ? ಇಂಗ್ಲಿಷಿನಲ್ಲಿ ಈ ಕೆಲಸವನ್ನು ಬಹುಮಟ್ಟಿಗೆ ಪದದ ಹಿಂದೆ ಬರುವ ಇನ್, ಆನ್, ಆಫ್ ಮುಂತಾದವು ಮಾಡುತ್ತವೆ. ಕನ್ನಡದಲ್ಲಿ ಅರ್ಥ ಬಿಡಿಸುವುದು ಮುಂದೆ ಬರುವ ಕ್ರಿಯಾಪದ. ಲೈನ್ ಹಚ್ಚಿದರೆ ಜನರ ಸಾಲು, ಎಳೆದರೆ ತಂತಿ, ಸಿಕ್ಕರೆ ಫೋನು. ಲೈನಿಗೆ ತರುವುದೆಂದರೆ ಶಿಸ್ತಿಗೆ ತರುವುದು. ಲೈನ್ ಹೊಡೆಯುವುದೇನೆಂದು ಕಾಲೇಜು ಹುಡುಗರಿಗೆ ವಿವರಿಸಬೇಕಾಗಿಲ್ಲ. ಮರಾಠಿಯಲ್ಲೂ ‘ಲಾಈನ್ ಮಾರಣೆ’ ಎಂದರೆ ಅದೇ. ವ್ಯಾಕರಣದಲ್ಲಿ ಮಾತ್ರ ಎರಡು ಭಾಷೆಗಳ ದಾರಿ ಬೇರೆ. ಮರಾಠಿ ಈ ಪದವನ್ನು ಸ್ತ್ರೀಲಿಂಗ ಮಾಡಿಕೊಂಡಿದೆ, ಕನ್ನಡಕ್ಕೆ ಅದು ನಪುಂಸಕ. ಕನ್ನಡದಲ್ಲಿ ಅರ್ಥ ಬಿಡಿಸುವುದು ಕ್ರಿಯಾಪದವಾದ್ದರಿಂದ ಶಾಲಾ ಪದಕೋಶಗಳು ‘ಲೈನ್’ ಎಂಬುದಕ್ಕೆ ‘ಗೆರೆ, ಸಾಲು’ ಎಂದು ಬರೆದು ಕೈತೊಳೆದುಕೊಂಡರೆ ಮಕ್ಕಳಿಗೆ ಸಿಗುವುದು ಅರ್ಧ ಅರ್ಥ ಮಾತ್ರ. ಜೊತೆಗೆ ಬರುವ ಕ್ರಿಯಾಪದವನ್ನೂ ಕೊಡಬೇಕು.