ಹಳೆಯ ಟ್ಯಾಬ್ಲೆಟ್: ದುರಸ್ತಿಯೋ, ಹೊಸದೋ?



ಮುಂದಿನ ಕೊಯ್ಲು ಆರಂಭವಾಗುವ ಮೊದಲು ನಮ್ಮ ಸಂಘದ ಆಡಳಿತ ಮಂಡಳಿಯ ಮುಂದೆ ಮೊತ್ತದಲ್ಲಿ ಸಣ್ಣದಾದ, ಪರಿಣಾಮದಲ್ಲಿ ಸಣ್ಣದಲ್ಲದ ಒಂದು ವಿಷಯ ಬರಲಿದೆ. ಖರೀದಿ ಕೇಂದ್ರಗಳಲ್ಲಿ ತೂಕ ದಾಖಲಿಸಲು ಬಳಸುತ್ತಿರುವ ಟ್ಯಾಬ್ಲೆಟ್‌ಗಳು ಹಳೆಯವಾಗಿವೆ. ಕೆಲವು ಮಧ್ಯಾಹ್ನದ ಹೊತ್ತಿಗೇ ಆರಿಹೋಗುತ್ತವೆ. ಕೆಲವಕ್ಕೆ ಚಾರ್ಜರಿನ ಪಿನ್ನು ಒಂದೇ ಕೋನದಲ್ಲಿ ಹಿಡಿದರೆ ಮಾತ್ರ ಕರೆಂಟು ಹತ್ತುತ್ತದೆ. ಇವನ್ನು ದುರಸ್ತಿ ಮಾಡಿಸಬೇಕೇ, ಹೊಸದು ಕೊಳ್ಳಬೇಕೇ?

ಸದಸ್ಯರು ತರುವ ಒಂದೊಂದು ಮೂಟೆ ಕಾಫಿಯ, ಅಡಿಕೆಯ ತೂಕವೂ ಮೊದಲು ಸೇರುವುದು ಈ ಯಂತ್ರದೊಳಗೆ. ನಮ್ಮ ಎಷ್ಟೋ ಕೇಂದ್ರಗಳಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಗುಮಾಸ್ತರು ಸಂಜೆ ಪೇಟೆಗೆ ಬಂದ ಮೇಲೆಯೇ ಆ ದಿನದ ಲೆಕ್ಕ ಕಚೇರಿಗೆ ತಲುಪುತ್ತದೆ. ಅಷ್ಟು ಹೊತ್ತು ಸದಸ್ಯರ ಬೆಳೆಯ ಲೆಕ್ಕ ಇರುವುದು ಒಂದು ಬ್ಯಾಟರಿಯ ಭರವಸೆಯ ಮೇಲೆ. ಮನೆಯಲ್ಲಿ ಮಕ್ಕಳು ಕೊಡಿಸಿದ ಟ್ಯಾಬ್ಲೆಟ್ ಇಟ್ಟುಕೊಂಡು ಪೇಟೆಧಾರಣೆ ನೋಡುವ, ಬೆಳೆ ಸಮೀಕ್ಷೆ ತುಂಬುವ, ಬ್ಯಾಂಕಿನ ವ್ಯವಹಾರ ಮಾಡುವ ಸದಸ್ಯರಿಗೂ ಇದೇ ಪ್ರಶ್ನೆ ಇಂದಲ್ಲ ನಾಳೆ ಬರುತ್ತದೆ. ಆದ್ದರಿಂದ ಈ ಸಂಚಿಕೆಯಲ್ಲಿ ಇದನ್ನು ಸ್ವಲ್ಪ ವಿವರವಾಗಿ ಚರ್ಚಿಸುತ್ತಿದ್ದೇವೆ.

ತೊಗರಿ ನಾಡಿನಲ್ಲಿ ಕಂಡದ್ದು

ಕಳೆದ ಬೇಸಿಗೆಯಲ್ಲಿ ನಮ್ಮ ಸಂಘದ ನಿಯೋಗವೊಂದು ಸಹಕಾರ ಸಂಘಗಳು ಖರೀದಿ ನಡೆಸುವ ರೀತಿಯನ್ನು ನೋಡಲು ಕಲಬುರಗಿ ಜಿಲ್ಲೆಗೆ ಹೋಗಿತ್ತು. ಅಲ್ಲಿ ಕಾಫಿಯೂ ಇಲ್ಲ, ಅಡಿಕೆಯೂ ಇಲ್ಲ. ಅದು ತೊಗರಿಯ ನಾಡು. 2019ರಲ್ಲಿ ಕೊಡಗು ಮತ್ತು ಚಿಕ್ಕಮಗಳೂರಿನ ಅರೇಬಿಕಾ ಕಾಫಿಗೂ ಸಿರ್ಸಿ ಅಡಿಕೆಗೂ ಭೌಗೋಳಿಕ ಗುರುತು ದೊರೆತ ವರ್ಷವೇ ಗುಲ್ಬರ್ಗದ ತೊಗರಿ ಬೇಳೆಗೂ ಆ ಮಾನ್ಯತೆ ಸಿಕ್ಕಿತು. ಬೆಳೆ ಬೇರೆಯಾದರೂ ಅಲ್ಲಿನ ರೈತನೂ ನಮ್ಮಂತೆಯೇ ತಕ್ಕಡಿಯ ಮುಂದೆ ನಿಂತು ತನ್ನ ಸರದಿ ಕಾಯುತ್ತಾನೆ. ಬೆಂಬಲ ಬೆಲೆಯ ಖರೀದಿಗೆ ಹೆಸರು ನೋಂದಾಯಿಸುವಾಗ ಅವನ ಗುರುತಿನ ಸಂಖ್ಯೆಯೂ ಕಂಪ್ಯೂಟರಿಗೇ ಸೇರಬೇಕು.

ವಾಡಿ ಜಂಕ್ಷನ್ನಿನಲ್ಲಿ ಇಳಿದ ನಮಗೆ ಮೊದಲು ತಾಗಿದ್ದು ಬಿಸಿಲು, ಆಮೇಲೆ ಧೂಳು. ಶಹಾಬಾದಿನ ಕಲ್ಲುಗಣಿಗಳಿಂದ ಹಾಸುಗಲ್ಲು ತುಂಬಿಕೊಂಡು ಲಾರಿಗಳು ಹೊರಡುತ್ತವೆ. ಮಲೆನಾಡಿನ ಎಷ್ಟೋ ಮನೆಗಳ ಜಗಲಿಗೆ ಹಾಸಿರುವುದು ಇದೇ ಕಲ್ಲು. ವಾಡಿಯಿಂದ ಚಿತ್ತಾಪುರ, ಅಲ್ಲಿಂದ ಸೇಡಂ ಕಡೆಗೆ ಹೋಗುವ ಹಾದಿಯುದ್ದಕ್ಕೂ ಸುಣ್ಣಕಲ್ಲಿನ ನೆಲ, ನಡುನಡುವೆ ಸಿಮೆಂಟ್ ಕಾರ್ಖಾನೆಗಳು. ಚಿಂಚೋಳಿಯ ಕಡೆ ತಿರುಗಿದ ಮೇಲೆಯೇ ಕಣ್ಣಿಗೆ ಸ್ವಲ್ಪ ಗುಡ್ಡ, ಕಾಡು ಕಾಣುವುದು. ಮೇ ತಿಂಗಳಲ್ಲಿ ಈ ಭಾಗದ ಉಷ್ಣತೆ 40 ಡಿಗ್ರಿ ದಾಟುವುದು ಪ್ರತಿವರ್ಷದ ಮಾತು.

ನಾವು ನೋಡಿದ ಒಂದು ಸಂಘದ ಕಚೇರಿಯಲ್ಲಿ ಟ್ಯಾಬ್ಲೆಟ್‌ಗಳನ್ನು ದಪ್ಪ ಕಲ್ಲುಗೋಡೆಯ ಗೂಡಿನಲ್ಲಿ, ಬಟ್ಟೆ ಸುತ್ತಿ ಇಟ್ಟಿದ್ದರು. ಬಿಸಿಲಿಗೆ ಇಟ್ಟರೆ ಬ್ಯಾಟರಿ ಉಬ್ಬುತ್ತದೆ, ಧೂಳು ಪಿನ್ನಿನ ತೂತಿಗೆ ಕೂರುತ್ತದೆ ಎಂದು ಅಲ್ಲಿಯ ಗುಮಾಸ್ತರು ವಿವರಿಸಿದರು. ಸೇಡಮಿನ ಟ್ಯಾಬ್ಲೆಟ್ ಬಿಸಿಲಿಗೆ ಸಾಯುತ್ತದೆ. ನಮ್ಮದು ಮಳೆಗಾಲದ ತೇವಕ್ಕೆ ಸಾಯುತ್ತದೆ. ರೋಗ ಬೇರೆ ಬೇರೆ ಆದರೂ ಎರಡೂ ಕಡೆ ಮೊದಲು ಕೆಡುವುದು ಬ್ಯಾಟರಿ ಮತ್ತು ಚಾರ್ಜಿಂಗ್ ಪಿನ್. ಈ ಎರಡನ್ನೂ ಬದಲಿಸಲು ಸಾಧ್ಯವಿದೆ ಎಂಬುದು ಗಮನಿಸಬೇಕಾದ ಅಂಶ.

ಬ್ಯಾಟರಿ ಏಕೆ ಸೊರಗುತ್ತದೆ

ಟ್ಯಾಬ್ಲೆಟ್‌ನಲ್ಲಿರುವ ಲಿಥಿಯಂ-ಅಯಾನ್ ಬ್ಯಾಟರಿ ಬಳಸಿದರೂ ಸವೆಯುತ್ತದೆ, ಸುಮ್ಮನೆ ಇಟ್ಟರೂ ಸವೆಯುತ್ತದೆ. ಸಾಮಾನ್ಯವಾಗಿ 300ರಿಂದ 500 ಸಲ ಪೂರ್ತಿ ತುಂಬಿ ಬರಿದಾದ ಮೇಲೆ ಅದರ ಶಕ್ತಿ ಮೊದಲಿನ ಶೇಕಡ 80ರ ಆಸುಪಾಸಿಗೆ ಇಳಿಯುತ್ತದೆ. ಇಡುವ ಕ್ರಮದಿಂದ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದಕ್ಕೆ ತಜ್ಞರು ಕೊಡುವ ಲೆಕ್ಕ ಹೀಗಿದೆ: ಪೂರ್ತಿ ಚಾರ್ಜ್ ಮಾಡಿ 25 ಡಿಗ್ರಿ ಉಷ್ಣತೆಯಲ್ಲಿ ಒಂದು ವರ್ಷ ಇಟ್ಟರೆ ಬ್ಯಾಟರಿ ಸುಮಾರು ಶೇಕಡ 20ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ, 40 ಡಿಗ್ರಿಯಲ್ಲಿ ಇಟ್ಟರೆ ಶೇಕಡ 35. ಶೇಕಡ 40ರಷ್ಟು ಮಾತ್ರ ಚಾರ್ಜ್ ಮಾಡಿಟ್ಟರೆ ಈ ನಷ್ಟ 25 ಡಿಗ್ರಿಯಲ್ಲಿ ಕೇವಲ 4, 40 ಡಿಗ್ರಿಯಲ್ಲಿ 15.

ಇದರಿಂದ ತಿಳಿಯುವುದೇನು? ಕೊಯ್ಲು ಮುಗಿದ ಮೇಲೆ ಟ್ಯಾಬ್ಲೆಟನ್ನು ಪೂರ್ತಿ ಚಾರ್ಜ್ ಮಾಡಿ ಬೀರುವಿನಲ್ಲಿಟ್ಟು ಮುಂದಿನ ಕೊಯ್ಲಿಗೆ ತೆಗೆಯುವ ವಾಡಿಕೆ ತಪ್ಪು. ಅರ್ಧಕ್ಕಿಂತ ಸ್ವಲ್ಪ ಕಡಿಮೆ ಚಾರ್ಜ್ ಇರಿಸಿ, ಎರಡು ಮೂರು ತಿಂಗಳಿಗೊಮ್ಮೆ ತೆಗೆದು ನೋಡಿ, ಮತ್ತೆ ಅಷ್ಟೇ ತುಂಬಿ ಇಡಬೇಕು. ಅಡಿಕೆ ಬೇಯಿಸುವ ಒಲೆಯ ಹತ್ತಿರ, ಜೀಪಿನ ಮುಂಗಾಜಿನ ಕೆಳಗೆ, ಒಣಗಿಸುವ ಕಣದ ಬಿಸಿಲಿನಲ್ಲಿ ಇಡಬಾರದು. ಮಳೆಗಾಲದಲ್ಲಿ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಟ್ಟರೆ ಪಿನ್ನಿಗೆ ಹಸಿರು ಹಿಡಿಯುವುದಿಲ್ಲ. ನೆನೆದ ಟ್ಯಾಬ್ಲೆಟನ್ನು ಅಕ್ಕಿಯಲ್ಲಿ ಹುದುಗಿಸುವುದರಿಂದ ಪ್ರಯೋಜನವಿಲ್ಲ. ಅಕ್ಕಿಯ ಹುಡಿ ತೂತಿಗೆ ಸೇರುತ್ತದೆ ಅಷ್ಟೆ. ಆರಿಸಿ, ಗಾಳಿಯಾಡುವಲ್ಲಿ ಒಣಗಲು ಬಿಟ್ಟು, ಪೂರ್ತಿ ಒಣಗುವ ತನಕ ಚಾರ್ಜಿಗೆ ಹಾಕದಿರುವುದೇ ಸರಿ.

ಒಂದು ಎಚ್ಚರಿಕೆ. ಬೆನ್ನು ಉಬ್ಬಿದ ಅಥವಾ ಗಾಜು ಮೇಲೆದ್ದ ಟ್ಯಾಬ್ಲೆಟನ್ನು ಇನ್ನೊಂದು ದಿನ ನಡೆಯಲಿ ಎಂದು ಬಳಸಬಾರದು. ಒತ್ತಬಾರದು, ಚುಚ್ಚಬಾರದು, ಚಾರ್ಜಿಗೆ ಹಾಕಬಾರದು. ಗೋಣಿಚೀಲ, ಒಣ ಕಾಫಿ ತುಂಬಿದ ಗೋದಾಮಿನಲ್ಲಿ ಅಂಥದ್ದನ್ನು ಇಡುವುದು ಕೆಂಡ ಇಟ್ಟಂತೆ.

ರೆಂಬೆಯ ರೋಗವೋ, ಕಾಂಡದ ರೋಗವೋ

ದುರಸ್ತಿಯ ಪ್ರಶ್ನೆಗೆ ಉತ್ತರ ನಮ್ಮ ತೋಟದಲ್ಲಿಯೇ ಇದೆ. ರೆಂಬೆ ಒಣಗಿದ ಕಾಫಿ ಗಿಡವನ್ನು ನಾವು ಕೀಳುವುದಿಲ್ಲ. ಸವರಿ ಹೊಸ ಚಿಗುರಿಗೆ ಬಿಡುತ್ತೇವೆ. ಆದರೆ ಅರೇಬಿಕಾ ಗಿಡದ ಕಾಂಡಕ್ಕೆ ಬೋರರ್ ಹೊಕ್ಕಿದ್ದರೆ ಎಲೆ ಎಷ್ಟೇ ಹಸಿರಾಗಿರಲಿ, ಕಿತ್ತು ಸುಡುತ್ತೇವೆ. ಟ್ಯಾಬ್ಲೆಟ್‌ನಲ್ಲಿ ಬ್ಯಾಟರಿ, ಗಾಜು, ಪಿನ್ನು, ಸ್ಪೀಕರ್ ಇವು ರೆಂಬೆಗಳು. ಅದನ್ನು ನಡೆಸುವ ಮೂಲ ತಂತ್ರಾಂಶವೂ ಒಳಗಿನ ಬೋರ್ಡೂ ಕಾಂಡ.

ಕಾಂಡದ ರೋಗ ಕಣ್ಣಿಗೆ ಕಾಣದು. ತಯಾರಕರು ಒಂದು ಮಾದರಿಗೆ ಕೆಲವು ವರ್ಷ ಮಾತ್ರ ಭದ್ರತಾ ಅಪ್‌ಡೇಟ್ ಕಳುಹಿಸುತ್ತಾರೆ, ಆಮೇಲೆ ನಿಲ್ಲಿಸುತ್ತಾರೆ. ಯಂತ್ರ ಹೊತ್ತಿಕೊಳ್ಳುತ್ತದೆ, ಚಿತ್ರ ತೋರಿಸುತ್ತದೆ, ಆದರೆ ಕಳ್ಳರಿಗೆ ಬಾಗಿಲು ತೆರೆದಿರುತ್ತದೆ. ಸ್ವಲ್ಪ ಕಾಲಕ್ಕೆ ಒಂದೊಂದೇ ಆ್ಯಪ್ ಕೈಬಿಡುತ್ತದೆ. 2025ರ ಜನವರಿ 1ರಿಂದ ಆಂಡ್ರಾಯ್ಡ್‌ನ ಕಿಟ್‌ಕ್ಯಾಟ್ ಆವೃತ್ತಿಯ ಸಾಧನಗಳಿಗೆ ವಾಟ್ಸಾಪ್ ತನ್ನ ಬೆಂಬಲ ನಿಲ್ಲಿಸಿದ್ದು ಸದಸ್ಯರಲ್ಲಿ ಕೆಲವರಿಗೆ ನೆನಪಿರಬಹುದು. ಆಗ ಬ್ಯಾಟರಿಗೆ ದುಡ್ಡು ಹಾಕಿದವರಿಗೆ ಹೊಸ ಬ್ಯಾಟರಿ ಉಳಿಯಿತು, ಕೆಲಸ ಉಳಿಯಲಿಲ್ಲ.

ಇದು ಹೊಸ ಪಾಠವಲ್ಲ. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎಂಜಿನಿಯರರೂ ಸೇರಿ ಹಳ್ಳಿಯ ಜನರಿಗಾಗಿ ರೂಪಿಸಿದ ಸಿಂಪ್ಯೂಟರ್ 2004ರಲ್ಲಿ ಅಮಿಡಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. 2011ರ ಅಕ್ಟೋಬರ್ 5ರಂದು ದಿಲ್ಲಿಯಲ್ಲಿ ವಿದ್ಯಾರ್ಥಿಗಳಿಗೆಂದು ಆಕಾಶ್ ಟ್ಯಾಬ್ಲೆಟ್ ಬಿಡುಗಡೆಯಾಯಿತು. ಅವುಗಳಲ್ಲಿ ಕೆಲವು ಇಂದಿಗೂ ಹೊತ್ತಿಕೊಳ್ಳಬಹುದು. ಆದರೆ ಇಂದಿನ ಬ್ಯಾಂಕ್ ವ್ಯವಹಾರ ಅವುಗಳಲ್ಲಿ ನಡೆಯದು.

ಆದ್ದರಿಂದ ಅಂಗಡಿಗೆ ಒಯ್ಯುವ ಮೊದಲು ಸೆಟ್ಟಿಂಗ್ಸ್ ತೆರೆದು, ಆಂಡ್ರಾಯ್ಡ್ ಆವೃತ್ತಿ ಯಾವುದು, ಕೊನೆಯ ಭದ್ರತಾ ಅಪ್‌ಡೇಟ್ ಯಾವ ತಿಂಗಳಿನದು ಎಂದು ನೋಡಿ ಬರೆದುಕೊಳ್ಳಿ. ಸಂಘದ ಲೆಕ್ಕದ ಆ್ಯಪ್, ಬ್ಯಾಂಕಿನ ಆ್ಯಪ್ ಯಾವ ಆವೃತ್ತಿಯನ್ನು ಕೇಳುತ್ತವೆ ಎಂಬುದನ್ನೂ ಕೇಳಿ ತಿಳಿಯಿರಿ. ಈ ಎರಡು ತಾಳೆಯಾದರೆ ಮಾತ್ರ ದುರಸ್ತಿಯ ಮಾತು.

ಲೆಕ್ಕ ಹಾಕುವ ಬಗೆ

ಹೊಸದರ ಅರ್ಧ ಬೆಲೆಗಿಂತ ದುರಸ್ತಿ ಹೆಚ್ಚಾದರೆ ಬೇಡ ಎಂಬ ಮಾತು ಪೇಟೆಯಲ್ಲಿದೆ. ಅದು ಅಂದಾಜಿಗೆ ಸರಿ, ನಿರ್ಣಯಕ್ಕೆ ಸಾಲದು. ವರ್ಷದ ಲೆಕ್ಕ ಹಾಕಬೇಕು. ಉದಾಹರಣೆಗೆ ಬ್ಯಾಟರಿ ಮತ್ತು ಪಿನ್ನು ಬದಲಿಸಲು 2,200 ರೂಪಾಯಿ ಎಂದು ಹಿಡಿಯೋಣ, ಆಮೇಲೆ ಯಂತ್ರ ಎರಡು ವರ್ಷ ನಡೆಯುತ್ತದೆ ಎನ್ನೋಣ. ವರ್ಷಕ್ಕೆ 1,100 ಬಿತ್ತು. ಹೊಸದಕ್ಕೆ 14,000 ಕೊಟ್ಟು ಐದು ವರ್ಷ ಬಂದರೆ ವರ್ಷಕ್ಕೆ 2,800. ಇಲ್ಲಿ ದುರಸ್ತಿಯೇ ಲಾಭ. ಆದರೆ ತಂತ್ರಾಂಶದ ಆಯುಷ್ಯ ಇನ್ನು ಆರೇ ತಿಂಗಳು ಎಂದಾದರೆ ಅದೇ 2,200 ಆರು ತಿಂಗಳಿಗೇ ಮುಗಿಯಿತು. ವರ್ಷದ ಲೆಕ್ಕದಲ್ಲಿ 4,400 ಆಯಿತು. ಆಗ ಹೊಸದೇ ಅಗ್ಗ.

ಇನ್ನೊಂದು ವಿಷಯ ನಮ್ಮ ಲೆಕ್ಕಪರಿಶೋಧನೆಯ ಸಮಯದಲ್ಲಿ ಬರುತ್ತದೆ. ಆದಾಯ ತೆರಿಗೆಯ ನಿಯಮದಂತೆ ಕಂಪ್ಯೂಟರಿಗೆ ವರ್ಷಕ್ಕೆ ಶೇಕಡ 40 ಸವಕಳಿ. ಟ್ಯಾಬ್ಲೆಟನ್ನು ಆ ವರ್ಗದಲ್ಲಿ ಹಿಡಿದರೆ 12,000 ರೂಪಾಯಿಯದು ಮೊದಲ ವರ್ಷ 7,200, ಎರಡನೆಯ ವರ್ಷ 4,320, ಮೂರನೆಯ ವರ್ಷ 2,592, ನಾಲ್ಕನೆಯ ವರ್ಷ 1,555ಕ್ಕೆ ಇಳಿಯುತ್ತದೆ. ಪುಸ್ತಕದಲ್ಲಿ ಬೆಲೆ ಇಲ್ಲ ಎಂದ ಮಾತ್ರಕ್ಕೆ ಎಸೆಯಲು ಕಾರಣವಾಗದು. ಪುಸ್ತಕದಲ್ಲಿ ಬೆಲೆ ಇದೆ ಎಂದು ಕೆಟ್ಟದ್ದನ್ನು ಇಟ್ಟುಕೊಳ್ಳುವುದಕ್ಕೂ ಕಾರಣವಾಗದು.

ಬಿಡಿಭಾಗ ಸಿಗುವುದೇ?

ಅನೇಕ ಸಲ ದುರಸ್ತಿ ನಿಲ್ಲುವುದು ದುಡ್ಡಿಗಲ್ಲ, ಬಿಡಿಭಾಗಕ್ಕೆ. ಮೂಲ ಬ್ಯಾಟರಿ ಸಿಗದಾಗ ಹೆಸರಿಲ್ಲದ ಬ್ಯಾಟರಿ ಹಾಕಿಸಿದರೆ ಆರು ತಿಂಗಳಲ್ಲಿ ಮತ್ತೆ ಅದೇ ಕಥೆ. ಈ ವಿಷಯದಲ್ಲಿ ಬಳಕೆದಾರನ ಪರವಾಗಿ ಲೋಕದಲ್ಲಿ ಸ್ವಲ್ಪ ಕೆಲಸ ನಡೆದಿದೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿನ ಪೋರ್ಟಲ್ ತೆರೆಯಿತು. ತಯಾರಕರ ದುರಸ್ತಿ ಕೇಂದ್ರ, ವಾರಂಟಿ, ಬಿಡಿಭಾಗದ ವಿವರಗಳನ್ನು ಒಂದೇ ಕಡೆ ಒದಗಿಸುವುದು ಅದರ ಉದ್ದೇಶ. ಯೂರೋಪಿನ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಗೆ ಬಂದ ನಿಯಮದಂತೆ ಫೋನು, ಟ್ಯಾಬ್ಲೆಟ್‌ಗಳ ಮುಖ್ಯ ಬಿಡಿಭಾಗಗಳು ಮಾರಾಟ ನಿಂತ ಮೇಲೂ 7 ವರ್ಷ ಸಿಗಬೇಕು; ಬ್ಯಾಟರಿ 800 ಸಲ ಚಾರ್ಜ್ ಆದ ಮೇಲೂ ಶೇಕಡ 80ರಷ್ಟು ಶಕ್ತಿ ಉಳಿಸಿಕೊಂಡಿರಬೇಕು. ನಮ್ಮ ದೇಶದಲ್ಲಿ ಕೊಳ್ಳುವವರೂ ಅಂಗಡಿಯಲ್ಲಿ ಇದನ್ನೇ ಕೇಳಬೇಕು: ಅಪ್‌ಡೇಟ್ ಎಷ್ಟು ವರ್ಷ, ಬ್ಯಾಟರಿ ಬದಲಿಸಬಹುದೇ, ಹತ್ತಿರದ ಸೇವಾ ಕೇಂದ್ರ ಎಲ್ಲಿ? ಬಣ್ಣ, ಕ್ಯಾಮೆರಾ ಆಮೇಲೆ.

ಸಂಘಗಳ ಮಟ್ಟಿಗೆ ಇದು ಇನ್ನೂ ಮುಖ್ಯ. 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸುವ 2,516 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಂಪುಟ 2022ರ ಜೂನ್ 29ರಂದು ಒಪ್ಪಿಗೆ ನೀಡಿತು. ಲೆಕ್ಕ ಕಾಗದದಿಂದ ಯಂತ್ರಕ್ಕೆ ಹೋದಷ್ಟೂ ಯಂತ್ರದ ಆರೋಗ್ಯ ಸಂಘದ ಆರೋಗ್ಯವಾಗುತ್ತದೆ.

ಯಾವಾಗ ಮಾಡಬೇಕು

ತೊಗರಿಯ ಕೊಯ್ಲೂ ನಮ್ಮ ಅರೇಬಿಕಾದ ಕೊಯ್ಲೂ ಡಿಸೆಂಬರ್, ಜನವರಿಯಲ್ಲಿಯೇ ಬೀಳುತ್ತವೆ. ಆ ದಿನಗಳಲ್ಲಿ ಯಂತ್ರ ಬದಲಿಸುವುದು ಹೊಳೆಯ ನಡುವೆ ದೋಣಿ ಬದಲಿಸಿದಂತೆ. ದುರಸ್ತಿಯೋ ಹೊಸದೋ, ಸೆಪ್ಟೆಂಬರಿನೊಳಗೆ ಮುಗಿಯಬೇಕು. ಹೊಸದು ತಂದರೂ ಹಳೆಯದನ್ನು ಕೂಡಲೇ ಕೈಬಿಡಬಾರದು. ಮುದಿ ಅಡಿಕೆ ಮರಗಳ ನಡುವೆ ಸಸಿ ನೆಟ್ಟು, ಅದು ಬೆಳೆದ ಮೇಲೆ ಹಳೆಯ ಮರ ತೆಗೆಯುವುದು ನಮ್ಮ ಹಿರಿಯರ ಕ್ರಮ. ಹಾಗೆಯೇ ಕೆಲವು ವಾರ ಎರಡರಲ್ಲೂ ಲೆಕ್ಕ ಬರೆದು ತಾಳೆ ನೋಡಬೇಕು. ಕಾಗದದ ಚೀಟಿಯ ಪುಸ್ತಕವನ್ನಂತೂ ಬಿಡಲೇಬಾರದು. ಯಂತ್ರ ಯಾವುದೇ ಇರಲಿ, ಸದಸ್ಯರ ಕೈಯಲ್ಲಿ ತೂಕದ ಚೀಟಿ ಇರಬೇಕು.

ನಿವೃತ್ತಿಯಾದ ಟ್ಯಾಬ್ಲೆಟ್‌ಗೆ ಹಣದ ವ್ಯವಹಾರವನ್ನು ಕೊಡಬೇಡಿ. ಮಳೆಯ ಅಳತೆ ಬರೆಯಲು, ಕೂಲಿ ಹಾಜರಿಗೆ ಅದು ಸಾಕು. ಬೇರೆಯವರಿಗೆ ಕೊಡುವುದಾದರೆ ಸಿಮ್ ತೆಗೆದು, ಗೂಗಲ್ ಖಾತೆಯಿಂದ ಹೊರಬಂದು, ಪೂರ್ತಿ ಅಳಿಸಿ ಕೊಡಬೇಕು. ಖಾತೆ ತೆಗೆಯದೆ ಅಳಿಸಿದರೆ ಮುಂದಿನವರಿಗೆ ಅದು ತೆರೆಯುವುದಿಲ್ಲ. ಏನಕ್ಕೂ ಬಾರದ್ದನ್ನು ತೋಟದ ಗುಂಡಿಗೆ ಹಾಕಬೇಡಿ, ಸುಡಬೇಡಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಮರುಬಳಕೆದಾರರಿಗೆ ತಲುಪಿಸಬೇಕು.

ನಮ್ಮ ಸಲಹೆ

1. ತಂತ್ರಾಂಶಕ್ಕೆ ಇನ್ನೂ ಎರಡು ಕೊಯ್ಲು ನಡೆಯುವಷ್ಟು ಆಯುಷ್ಯವಿದ್ದು ಬ್ಯಾಟರಿ, ಪಿನ್ನು, ಗಾಜು ಮಾತ್ರ ಕೆಟ್ಟಿದ್ದರೆ ದುರಸ್ತಿ ಮಾಡಿಸಬೇಕು.

2. ಅಪ್‌ಡೇಟ್ ನಿಂತಿದ್ದರೆ, ಅಥವಾ ಬೋರ್ಡಿಗೆ ನೀರು ಹೊಕ್ಕಿದ್ದರೆ, ದುರಸ್ತಿಗೆ ಒಂದು ರೂಪಾಯಿಯನ್ನೂ ಹಾಕಬಾರದು.

3. ಒಂದೇ ವರ್ಷ ಎಲ್ಲವನ್ನೂ ಬದಲಿಸದೆ, ವರ್ಷಕ್ಕೆ ಕೆಲವನ್ನು ಬದಲಿಸುವ ಕ್ರಮ ಇಟ್ಟುಕೊಂಡರೆ ಒಂದೇ ಸಲಕ್ಕೆ ಹೊರೆ ಬೀಳದು.

4. ಪ್ರತಿ ಕೇಂದ್ರದ ಟ್ಯಾಬ್ಲೆಟ್‌ಗೆ ಕೊಂಡ ತಾರೀಕು, ಆವೃತ್ತಿ, ದುರಸ್ತಿಯ ವೆಚ್ಚ ಬರೆಯುವ ಒಂದು ಪುಟ ರಿಜಿಸ್ಟರಿನಲ್ಲಿ ಇರಬೇಕು.

ಈ ನಾಲ್ಕು ಅಂಶಗಳನ್ನು ಆಡಳಿತ ಮಂಡಳಿಯ ಮುಂದಿಡುತ್ತೇವೆ. ದುಡ್ಡು ಸದಸ್ಯರದು, ಲೆಕ್ಕವೂ ಸದಸ್ಯರದು. ಆದ್ದರಿಂದ ಸಭೆಗೆ ಮೊದಲು ತಮ್ಮ ಅಭಿಪ್ರಾಯವನ್ನು ಕಚೇರಿಗೆ ಬರೆದು ತಿಳಿಸಬೇಕಾಗಿ, ಸಾಧ್ಯವಾದವರು ಖುದ್ದಾಗಿ ಬಂದು ಹಾಜರಾಗಬೇಕಾಗಿ ವಿನಂತಿಸುತ್ತೇವೆ.