ಸಬ್ಸಿಡಿ ಫೈಲ್ ಎಲ್ಲಿ ನಿಂತಿದೆ? 10 ರೂಪಾಯಿ ಅರ್ಜಿಯಲ್ಲಿ ಕೇಳಿ ನೋಡಿ

ಈ ವಾರ ಗೊಬ್ಬರ, ಕೀಟ ಬಿಟ್ಟು ಬೇರೆ ವಿಷಯ. ಕಚೇರಿಯಲ್ಲಿ ನಿಂತುಹೋದ ನಮ್ಮ ಫೈಲ್ ಬಗ್ಗೆ ತಿಳ್ಕೊಳ್ಳೋದು ಹೇಗೆ ಅಂತ ನೋಡೋಣ.

ಎರಡು ಎಕರೆ ಪಪ್ಪಾಯಕ್ಕೆ ಹನಿ ನೀರಾವರಿ ಸಹಾಯಧನಕ್ಕಾಗಿ ಅರ್ಜಿ ಹಾಕಿದ್ದೆ. ಹತ್ತು ತಿಂಗಳಾದರೂ ಸುದ್ದಿ ಇಲ್ಲ. ಕೇಳಿದಾಗೆಲ್ಲ ಒಂದೇ ಉತ್ತರ: "ಅನುದಾನ ಬಂದಿಲ್ಲ, ಮುಂದಿನ ತಿಂಗಳು ಬನ್ನಿ." ಅಷ್ಟರಲ್ಲಿ ಪಕ್ಕದ ಹೊಲದ ಅಣ್ಣನಿಗೆ ಸಬ್ಸಿಡಿ ಬಂತು. ದುಡ್ಡು ಕೊಟ್ಟು ಮಾಡಿಸ್ಕೊಂಡಿದ್ದಾರೆ ಅಂತ ಊರಲ್ಲಿ ಮಾತಾಯ್ತು. ನಾನೂ ನಂಬಿದೆ. ಅವರ ಜೊತೆ ಮಾತು ಬಿಟ್ಟೆ.

ಕೊನೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ತಿಂಗಳೊಳಗೆ ದಾಖಲೆಗಳು ಬಂದವು. ಜ್ಯೇಷ್ಠತಾ ಪಟ್ಟಿಯಲ್ಲಿ ಆ ಅಣ್ಣನ ಅರ್ಜಿ ನನಗಿಂತ ಐದು ತಿಂಗಳು ಹಿಂದಿನದು! ನನ್ನ ಫೈಲ್‌ನಲ್ಲಿ "ಜಂಟಿ ಖಾತೆದಾರರ ಒಪ್ಪಿಗೆ ಪತ್ರ ಲಗತ್ತಿಸಿಲ್ಲ" ಎಂಬ ಟಿಪ್ಪಣಿ ಇತ್ತು. ನಮ್ಮ ಪಹಣಿ ಜಂಟಿ, ತಮ್ಮನ ಸಹಿ ಬೇಕಿತ್ತು. ಅದನ್ನು ನನಗೆ ತಿಳಿಸಿದ ಪತ್ರದ ಪ್ರತಿಯನ್ನೂ ಕೇಳಿದ್ದೆ. ಅಂಥ ಪತ್ರವನ್ನೇ ಕಳಿಸಿರಲಿಲ್ಲ. ಅಂದ್ರೆ ಕಚೇರಿಯ ಉದಾಸೀನವೂ ನಿಜ, ನನ್ನ ಅನುಮಾನ ಸುಳ್ಳು ಅನ್ನೋದೂ ನಿಜ.

ಈ ಹಕ್ಕು ಸುಮ್ಮನೆ ಬಂದದ್ದಲ್ಲ. 1990ರ ದಶಕದಲ್ಲಿ ರಾಜಸ್ಥಾನದ ಹಳ್ಳಿಗಳಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯ ಕೂಲಿಕಾರರು, ರೈತರು ಕಾಮಗಾರಿಗಳ ಹಾಜರಿ ಪಟ್ಟಿ, ಬಿಲ್ ತೋರಿಸಿ ಎಂದು ಪಟ್ಟು ಹಿಡಿದರು. ಊರಿನವರೆದುರು ಅದನ್ನು ಓದಿಸಿದಾಗ, ಕೆಲಸಕ್ಕೇ ಬಾರದವರ ಹೆಸರುಗಳು ಸಿಕ್ಕವು. ಇಂಥ ಹೋರಾಟಗಳ ಫಲವಾಗಿ ಮಾಹಿತಿ ಹಕ್ಕು ಕಾಯ್ದೆ 2005ರ ಅಕ್ಟೋಬರ್ 12ರಿಂದ ಪೂರ್ಣವಾಗಿ ಜಾರಿಗೆ ಬಂತು.

ಅರ್ಜಿ ಹಾಕೋದು ಹೀಗೆ:

1. ಆಯಾ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಬರೆಯಿರಿ. ಕನ್ನಡದಲ್ಲೇ ಸಾಕು. ಶುಲ್ಕ 10 ರೂಪಾಯಿ; ಪೋಸ್ಟಲ್ ಆರ್ಡರ್ ಆಗುತ್ತೆ. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕ ಇಲ್ಲ, ದಾಖಲೆ ಲಗತ್ತಿಸಿ. ರಾಜ್ಯ ಸರ್ಕಾರದ ಆರ್‌ಟಿಐ ಪೋರ್ಟಲ್‌ನಲ್ಲಿ ಮೊಬೈಲ್‌ನಿಂದಲೂ ಹಾಕಬಹುದು.

2. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ.

3. "ನನಗ್ಯಾಕೆ ಕೊಟ್ಟಿಲ್ಲ?" ಅಂತ ಜಗಳದ ಧಾಟಿ ಬೇಡ. ದಾಖಲೆ ಕೇಳಿ: "ಅರ್ಜಿ ಸಂಖ್ಯೆ ಇಂಥದ್ದರ ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ", "ಅರ್ಜಿ ದಿನಾಂಕ ಸಹಿತ ಜ್ಯೇಷ್ಠತಾ ಪಟ್ಟಿ", "ಈ ಸಾಲಿನಲ್ಲಿ ಬಂದ ಅನುದಾನ ಮತ್ತು ಖರ್ಚಿನ ವಿವರ".

4. ಯಾಕೆ ಬೇಕು ಅಂತ ಕಾರಣ ಕೊಡಬೇಕಾಗಿಲ್ಲ. ಆದರೆ ಬೇರೆಯವರ ಆಧಾರ್, ಬ್ಯಾಂಕ್ ಖಾತೆ ಕೇಳಬೇಡಿ. ವೈಯಕ್ತಿಕ ಮಾಹಿತಿ ಅಂತ ನಿರಾಕರಿಸ್ತಾರೆ.

5. ಅರ್ಜಿಯ ಫೋಟೊ, ಅಂಚೆ ರಸೀದಿ, ಸ್ವೀಕೃತಿ ಮೊಬೈಲ್‌ನಲ್ಲಿ ಇಟ್ಕೊಳ್ಳಿ. ದಿನ ಎಣಿಸಲು ಬೇಕಾಗುತ್ತೆ.

ಉತ್ತರಕ್ಕೆ 30 ದಿನ ಗಡುವು. ಮಾಹಿತಿ ಬೇರೆ ಇಲಾಖೆಯದ್ದಾದರೆ ಅವರೇ 5 ದಿನದೊಳಗೆ ಅಲ್ಲಿಗೆ ವರ್ಗಾಯಿಸಬೇಕು. ಗಡುವು ಮೀರಿದರೆ ಪ್ರತಿಗಳನ್ನು ಉಚಿತವಾಗಿ ಕೊಡಬೇಕು. ಉತ್ತರ ಬರದಿದ್ದರೆ ಅಥವಾ ಸಮಾಧಾನ ಆಗದಿದ್ದರೆ 30 ದಿನದೊಳಗೆ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ ಹಾಕಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಹೋಗಬಹುದು. ಸಕಾರಣ ಇಲ್ಲದೆ ತಡಮಾಡಿದ ಅಧಿಕಾರಿಗೆ ಆಯೋಗ ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿ ದಂಡ ಹಾಕಬಹುದು.

ಇನ್ನೊಂದು ಮಾತು. ಸಬ್ಸಿಡಿ ಯೋಜನೆಗಳಿಗೆ ಎಷ್ಟು ಹಣ ಇದೆ, ಫಲಾನುಭವಿಗಳು ಯಾರು ಅನ್ನೋ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು ಅಂತ ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತೆ. ಆ ಪಟ್ಟಿ ಗೋಡೆ ಮೇಲಿದ್ದಿದ್ದರೆ ನಾನು ಅರ್ಜಿಯನ್ನೇ ಹಾಕ್ತಿರಲಿಲ್ಲ, ಪಕ್ಕದವರ ಮೇಲೆ ಅನುಮಾನವನ್ನೂ ಪಡ್ತಿರಲಿಲ್ಲ. ಮಾಹಿತಿ ಮುಚ್ಚಿಟ್ಟ ಕಡೆ ಗಾಳಿಮಾತು ಬೆಳೆಯುತ್ತೆ. ಪ್ರಾಮಾಣಿಕವಾಗಿ ಕೆಲಸ ಮಾಡಿದವರಿಗೂ ಕೆಟ್ಟ ಹೆಸರು ಬರುತ್ತೆ.

ತಮ್ಮನ ಒಪ್ಪಿಗೆ ಪತ್ರ ಕೊಟ್ಟೆ. ಮುಂದಿನ ಸಾಲಿನಲ್ಲಿ ಹಣ ಬಂತು. ಅದಕ್ಕೂ ಮೊದಲೇ ಆ ಅಣ್ಣನ ಮನೆಗೆ ಹೋಗಿ, "ಅಣ್ಣಾ, ನಿಮ್ಮನ್ನ ತಪ್ಪು ತಿಳ್ಕೊಂಡಿದ್ದೆ" ಅಂದೆ. "ಮೊದಲೇ ಕೇಳಿದ್ರೆ ನನ್ನ ಅರ್ಜಿನೇ ತೋರಿಸ್ತಿದ್ದೆ ಕಣೋ" ಅಂದ್ರು.

ನಿಮ್ಮ ಅರ್ಜಿಯೂ ಎಲ್ಲಾದರೂ ನಿಂತಿದೆಯಾ? ಮೊದಲು ಕಚೇರಿಗೆ ಹೋಗಿ ಬಾಯಲ್ಲಿ ಕೇಳಿ. ಉತ್ತರ ಸಿಗದಿದ್ದರೆ ಅರ್ಜಿ ಸಂಖ್ಯೆ, ದಿನಾಂಕ ಹುಡುಕಿ, ಇವತ್ತು ರಾತ್ರಿಯೇ 150 ಪದದೊಳಗೆ ಬರೆದಿಡಿ.